ಉಡದಾರದಲ್ಲಿ ಕಡಲು ದಾಟಿದ ಕೀಲಿಕೈ

ರೋಣದ ನಮ್ಮ ವಾಚನಾಲಯದಲ್ಲಿ ಹನ್ನೊಂದು ವರ್ಷಗಳಲ್ಲಿ ಒಂದೇ ಒಂದು ಪುಸ್ತಕವೂ ಕಳೆದಿರಲಿಲ್ಲ. ಈ ಮಾತನ್ನು ನಾನು ಕಂಡಕಂಡವರ ಮುಂದೆ ಎಷ್ಟು ಸಲ ಹೇಳಿದ್ದೆನೆಂದರೆ, ಬಸ್ ನಿಲ್ದಾಣದ ಚಹಾದಂಗಡಿಯವನಿಗೂ ಅದು ಬಾಯಿಪಾಠವಾಗಿ, ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳಿ ಮುಗಿಸುತ್ತಿದ್ದ. ನಾನು ಅಲ್ಲಿಯ ಗ್ರಂಥಪಾಲ; ಊರವರ ಬಾಯಲ್ಲಿ ಲೈಬ್ರರಿ ಮಾಸ್ತರ. ಪುಸ್ತಕ ಕಳೆಯುವುದಾದರೂ ಹೇಗೆ? ಮೂರು ಗಾಜಿನ ಕಪಾಟು, ಮೂರಕ್ಕೂ ಹಿತ್ತಾಳೆಯ ಬೀಗ, ಮೂರು ಬೀಗಕ್ಕೂ ಒಂದೇ ಕೀಲಿಕೈ. ಆ ಕೀಲಿಕೈ ನನ್ನ ಸೊಂಟದ ಉಡದಾರದಲ್ಲಿ ಜೋತಾಡುತ್ತಿತ್ತು. ಜಳಕ ಮಾಡುವಾಗಲೂ ನಾನದನ್ನು ತೆಗೆಯುತ್ತಿರಲಿಲ್ಲ.

ವಾಚನಾಲಯಕ್ಕೆ ಬಂದವರು ದಿನಪತ್ರಿಕೆ ಓದಿ, ಸರಕಾರಕ್ಕೆ ನಾಲ್ಕು ಬೈದು ಎದ್ದು ಹೋಗುತ್ತಿದ್ದರು. ಪುಸ್ತಕ ಬೇಕೆಂದವರಿಗೆ ಗಾಜಿನ ಹೊರಗೆ ನಿಂತು ಅದರ ಬೆನ್ನು ನೋಡುವ ಅವಕಾಶ ಧಾರಾಳವಾಗಿತ್ತು. "ಮಾಸ್ತರ್ರ, ಅದನ್ನಷ್ಟ ಕೊಡ್ರಿ" ಎಂದು ಯಾರಾದರೂ ಬೆರಳು ತೋರಿಸಿದರೆ ನನ್ನದು ಒಂದೇ ಉತ್ತರ: "ಅರ್ಜಿ ಬರೀರಿ." ಅರ್ಜಿಗೆ ಅಧ್ಯಕ್ಷರ ಸಹಿ ಬೇಕು; ಅಧ್ಯಕ್ಷರು ಗಜೇಂದ್ರಗಡದಲ್ಲಿ ಸೀರೆಯ ವ್ಯಾಪಾರ ಮಾಡುವ ಸಾಹುಕಾರರು. ಕಾರ್ಯದರ್ಶಿಯ ಶಿಫಾರಸೂ ಬೇಕು. ಕಾರ್ಯದರ್ಶಿ ನರಗುಂದದ ವಕೀಲರು. ಯಾವುದೋ ಮದುವೆಯ ಊಟದಲ್ಲಿ ಮೊದಲ ಪಂಕ್ತಿಗೆ ಯಾರು ಕೂಡಬೇಕೆಂಬ ವಿಷಯಕ್ಕೆ ಇಬ್ಬರ ನಡುವೆ ಮಾತು ನಿಂತುಹೋಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮಲ್ಲಿ ದೇವರಿಬ್ಬರೂ ಕೊಡುತ್ತಿರಲಿಲ್ಲ, ಪೂಜಾರಿಯಾದ ನಾನಂತೂ ಕೊಡುವವನೇ ಅಲ್ಲ.

ಮದುವೆಯಾದ ಮೊದಲ ವರ್ಷ ನನ್ನ ಹೆಂಡತಿಯೂ ಕೇಳಿದ್ದಳು. ಅವಳು ಚಿಕ್ಕನರಗುಂದದವಳು, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ತವರಿನಿಂದ ಬರುವಾಗ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ತಂದು, ಮನೆಯಲ್ಲೇ ಕುಪ್ಪಸ ಹೊಲಿಯುತ್ತಿದ್ದಳು. "ರೀ, ನನಗೂ ಒಂದು ಪುಸ್ತಕ ತಂದ ಕೊಡ್ರಿ, ಓದಿ ಕೊಡತೀನಿ" ಎಂದಳು. "ಮನಿಯವ್ರಿಗೇ ಮೊದ್ಲ ಕೊಟ್ರ ಊರ ಮಂದಿ ಏನಂದಾರು?" ಎಂದೆ. ಅವಳು ಮತ್ತೆ ಕೇಳಲಿಲ್ಲ. ನನ್ನ ಪ್ರಾಮಾಣಿಕತೆಗೆ ನಾನೇ ಮೆಚ್ಚಿ ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಐವತ್ತರ ದಶಕದ ಮಧ್ಯದ ಮಾತು. ನಾವಿನ್ನೂ ಮುಂಬಯಿ ಸರಕಾರಕ್ಕೆ ಅರ್ಜಿ ಬರೆಯುತ್ತಿದ್ದ ಕಾಲ. ಅಲ್ಲಿಯ ಯಾವುದೋ ಕಚೇರಿಯಿಂದ ಒಂದು ಫಾರ್ಮು ಬಂತು. ಇಲ್ಲಿಯ ಗ್ರಂಥಪಾಲನೊಬ್ಬ ಆರು ತಿಂಗಳು ಇಂಗ್ಲೆಂಡಿನ ವಾಚನಾಲಯದಲ್ಲಿ ಕೆಲಸ ಮಾಡಬೇಕು, ಅಲ್ಲಿಯವರೊಬ್ಬರು ಅವನ ಜಾಗಕ್ಕೆ ಬಂದು ಕೂಡಬೇಕು, ಇಬ್ಬರೂ ಪರಸ್ಪರ ಕಲಿಯಬೇಕು ಎಂಬ ಯೋಜನೆ. ಫಾರ್ಮಿನಲ್ಲಿ "ಕಳೆದ ಪುಸ್ತಕಗಳು" ಎಂಬ ಸಾಲಿನ ಮುಂದೆ ದೊಡ್ಡದೊಂದು ಸೊನ್ನೆ ಬರೆದು ಅದರ ಸುತ್ತ ಕೆಂಪು ಶಾಯಿಯಲ್ಲಿ ಇನ್ನೊಂದು ಸೊನ್ನೆ ಹಾಕಿದೆ. ಆ ಸೊನ್ನೆ ನೋಡಿ ಆರಿಸಿದರೋ, ಬೇರೆ ಯಾರೂ ಫಾರ್ಮು ತುಂಬಿರಲಿಲ್ಲವೋ, ನನ್ನ ಹೆಸರೇ ಬಂತು.

ಗದಗಿನ ಸ್ಟೇಷನ್ನಿಗೆ ಅಧ್ಯಕ್ಷರು ಹಾರ ಹಿಡಿದು ಬಂದರು. "ಮಾಸ್ತರ್ರ, ಎಲ್ಲಾ ಬಂದೋಬಸ್ತ ಮಾಡೀರಿಲ್ಲೋ?" ಎಂದು ಕೇಳಿದರು. "ಹೌದ್ರಿ ಸಾವ್ಕಾರ್ರ" ಎಂದೆ. ಹಾರ ಹಾಕಿಸಿಕೊಳ್ಳಲು ಬಗ್ಗಿದಾಗ ಉಡದಾರದ ಕೀಲಿಕೈ ಹೊಟ್ಟೆಗೆ ಚುಚ್ಚಿತು. ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ಮರೆತು ಒಯ್ದೆನೆಂದು ನಾನು ಮುಂದೆ ಎಲ್ಲರಿಗೂ ಹೇಳಿದ್ದು ಶುದ್ಧ ಸುಳ್ಳು. ರೈಲು ಬಿಡಲು ಇನ್ನೂ ಹತ್ತು ನಿಮಿಷವಿತ್ತು, ಅಧ್ಯಕ್ಷರ ಕೈ ನನ್ನ ಕೊರಳ ಹತ್ತಿರವೇ ಇತ್ತು. ಬಿಚ್ಚಿ ಕೊಡಬಹುದಿತ್ತು. ಆದರೆ ಆ ಕೀಲಿಕೈ ಇಲ್ಲದಿದ್ದರೆ ರೋಣದಲ್ಲಿ ನಾನು ಯಾರು? ಹತ್ತರಲ್ಲಿ ಹನ್ನೊಂದನೆಯವನು. ಅಂಗಿ ಸರಿಮಾಡಿಕೊಂಡು ರೈಲು ಹತ್ತಿದೆ.

ಹಡಗಿನ ಪ್ರಯಾಣ, ವಾಂತಿ, ಒಣರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಏಡನ್ ಬರುವಷ್ಟರಲ್ಲಿ ಖಾಲಿಯಾದದ್ದು, ಇದನ್ನೆಲ್ಲ ವಿಲಾಯತಿಗೆ ಹೋಗಿಬಂದವರೆಲ್ಲ ಬರೆದಿದ್ದಾರೆ; ನಾನು ಬಿಡುತ್ತೇನೆ. ನನ್ನನ್ನು ಹಾಕಿದ್ದು ಉತ್ತರದ ಒಂದು ಕಲ್ಲಿದ್ದಲಿನ ಊರಿನಲ್ಲಿ. ಆರು ತಿಂಗಳಲ್ಲಿ ಸೂರ್ಯ ಕಂಡದ್ದು ನನ್ನ ಅಂದಾಜಿಗೆ ಒಂಬತ್ತು ಸಲ. ಅಲ್ಲಿಯ ಜನ ಬೇಯಿಸಿದ ಬಟಾಟೆಯನ್ನು ಒಗ್ಗರಣೆಯಿಲ್ಲದೆ ತಿಂದು, ಮೇಲೆ ಅಡುಗೆಯವಳಿಗೆ ಉಪಕಾರ ಸ್ಮರಿಸುತ್ತಿದ್ದರು. ಸಿಕ್ಕವರೆಲ್ಲ ನನ್ನನ್ನು ಹುಲಿಯ ಬಗ್ಗೆ ಕೇಳುತ್ತಿದ್ದರು. ನಮ್ಮ ಎರೆಭೂಮಿಯಲ್ಲಿ ಹುಲಿ ಅಡಗಲು ಒಂದು ಗಿಡವೂ ಇಲ್ಲವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ನಮ್ಮೂರ ಪಕ್ಕದ ಸವಡಿಯ ಹತ್ತಿರ ಒಂದನ್ನು ಕಂಡೆನೆಂದು ಹೇಳತೊಡಗಿದೆ. ಅಂದಿನಿಂದ ಚಹಾದ ಜೊತೆ ಕೇಕೂ ಸಿಗತೊಡಗಿತು.

ವಾಚನಾಲಯದ ಮುಖ್ಯಸ್ಥರು ಎತ್ತರದ ಮುದುಕರು, ಕಿವಿಯೊಳಗೆಲ್ಲ ಬಿಳಿ ಕೂದಲು. ಮೊದಲ ದಿನ ಒಳಗೆ ಕಾಲಿಟ್ಟವನು ಗಾಬರಿಯಾಗಿ ನಿಂತೆ. ಕಪಾಟುಗಳಿಗೆ ಬಾಗಿಲೇ ಇರಲಿಲ್ಲ. ಜನ ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಪುಸ್ತಕ ಎತ್ತಿ, ಹೊರಳಿಸಿ, ಬೇಡವೆನಿಸಿದರೆ ಇಟ್ಟು ಇನ್ನೊಂದು ತೆಗೆಯುತ್ತಿದ್ದರು. ಗಣಿಯ ಕೆಲಸಗಾರನೊಬ್ಬ, ಉಗುರೆಲ್ಲ ಕಪ್ಪು, ಮೂರು ಪುಸ್ತಕ ಬಗಲಲ್ಲಿ ಇರುಕಿಕೊಂಡು ಹೊರಟ. ಮೇಜಿನ ಹತ್ತಿರ ಶಿಕ್ಕಾ ಹೊಡೆಸಿಕೊಂಡದ್ದನ್ನು ನೋಡಿದರೂ ನನಗೆ ನಂಬಿಕೆ ಬರಲಿಲ್ಲ. ಬಾಗಿಲವರೆಗೆ ಅವನ ಬೆನ್ನು ಹತ್ತಿದೆ. ಬಾಗಿಲು ತೆರೆಯಲು ಬಂದ ಆಳೆಂದು ತಿಳಿದು ಅವನು ಟೋಪಿ ಎತ್ತಿ ವಂದಿಸಿ ಹೋದ.

ಇಡೀ ಕಟ್ಟಡದಲ್ಲಿ ಕೀಲಿಕೈ ಸಿಕ್ಕಿಸಿದ ಕಪಾಟು ಒಂದೇ ಒಂದಿತ್ತು, ಹಿಂಬದಿಯ ಮೂಲೆಯಲ್ಲಿ. ಕಂಡೊಡನೆ ಜೀವಕ್ಕೆ ಸಮಾಧಾನವಾಯಿತು. ಅಮೂಲ್ಯ ಗ್ರಂಥಗಳನ್ನು ಇಲ್ಲಿ ಇಟ್ಟಿರಬೇಕೆಂದುಕೊಂಡೆ; ಕೈ ತಾನಾಗಿ ತಿರುವಿ ಬೀಗ ಹಾಕಿ ಕೀಲಿಕೈ ಕಿಸೆಗೆ ಇಳಿಸಿತು. ಮಧ್ಯಾಹ್ನದ ಹೊತ್ತಿಗೆ ಕಸ ಗುಡಿಸುವ ಹೆಂಗಸು ಕಟ್ಟಡವೆಲ್ಲ ಹುಡುಕಾಡುತ್ತಿದ್ದಳು. ಅದರಲ್ಲಿದ್ದದ್ದು ಅವಳ ಪೊರಕೆ ಮತ್ತು ಬಕೆಟ್ಟು. ಪೊರಕೆಗೆ ಬೀಗ ಹಾಕಿ ಪುಸ್ತಕವನ್ನು ಬಯಲಿಗೆ ಬಿಡುವ ಈ ಜನ ನಮ್ಮನ್ನು ಇನ್ನೂರು ವರ್ಷ ಹೇಗೆ ಆಳಿದರೆಂದು ನನಗೆ ಅರ್ಥವಾಗಲಿಲ್ಲ.

ಒಂದು ದಿನ ಚಹಾದ ಹೊತ್ತಿನಲ್ಲಿ ಮುಖ್ಯಸ್ಥರು ಕೇಳಿದರು, ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಪುಸ್ತಕ ಹೋಗುತ್ತವೆ ಎಂದು. ನಾನು ಎದೆಯುಬ್ಬಿಸಿ, ಹನ್ನೊಂದು ವರ್ಷದಲ್ಲಿ ಒಂದೂ ಕಳೆದಿಲ್ಲ ಎಂದೆ. "ಕಳೆದದ್ದಲ್ಲ, ಓದಲು ಮನೆಗೆ ಹೋದದ್ದು" ಎಂದು ಅವರು ಬಿಡಿಸಿ ಹೇಳಿದರು. ಬೆರಳು ಮಡಿಚಿ ನೆನೆಸಿಕೊಂಡೆ. ಅಧ್ಯಕ್ಷರ ಅಳಿಯ ಬಂದಾಗ ಒಂದು, ದವಾಖಾನೆಯ ಡಾಕ್ಟರಿಗೆ ನಿದ್ದೆ ಬಾರದಿದ್ದಾಗ ಒಂದು. "ಎರಡು" ಎಂದೆ. "ವಾರಕ್ಕೆ?" ಎಂದರು. ನಾನು ಕಪ್ಪಿನಲ್ಲಿ ಚಮಚ ತಿರುವತೊಡಗಿದೆ. ಅವರು ಕಿಟಕಿಯಾಚೆಯ ಮಂಜು ನೋಡುತ್ತ, "ನಿಮ್ಮ ವಾಚನಾಲಯ ಬಹಳ ಶಾಂತವಾಗಿರಬೇಕು" ಎಂದರು. ಹೊಗಳಿಕೆಯೆಂದು ತಿಳಿದು ಅದನ್ನು ಅಧ್ಯಕ್ಷರಿಗೆ ಕಾಗದದಲ್ಲಿ ಬರೆದೆ. ಅವರು ಅದನ್ನು ಗಜೇಂದ್ರಗಡದ ಅಂಗಡಿಯಲ್ಲಿ ಗಿರಾಕಿಗಳಿಗೆ ಓದಿ ಹೇಳಿದರಂತೆ.

ಅಷ್ಟರಲ್ಲಿ ನನ್ನ ಜಾಗಕ್ಕೆ ಬಂದಿದ್ದ ದೊರೆಸಾನಿಯ ಪತ್ರ ಬಂತು. ನಲವತ್ತು ದಾಟಿದ ಅವಿವಾಹಿತೆ, ಇದೇ ಕಲ್ಲಿದ್ದಲಿನ ಊರಿನವಳು. ವಾಚನಾಲಯ ಚೆನ್ನಾಗಿದೆ, ಜನ ಒಳ್ಳೆಯವರು, ಕೀಲಿಕೈ ಎಲ್ಲಿದೆ ಎಂದು ಕೇಳಿದ್ದಳು. ಅದರ ಹಿಂದೆಯೇ ಅಧ್ಯಕ್ಷರ ಕಾಗದ: ಬೀಗ ಒಡೆಯಲು ಸಮಿತಿಯ ಠರಾವು ಆಗಬೇಕು, ಠರಾವಿಗೆ ತಮ್ಮದೂ ವಕೀಲರದೂ ಸಹಿ ಬೇಕು, ವಕೀಲರು ಮೊದಲು ಸಹಿ ಮಾಡಿದರೆ ತಾವು ನಂತರ ಮಾಡುವುದಾಗಿ ಬರೆದಿದ್ದರು. ವಕೀಲರು, ಅಧ್ಯಕ್ಷರು ಮೊದಲು ಮಾಡಲಿ ಎಂದರಂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಆ ದೊರೆಸಾನಿ ರೋಣದಿಂದ ಗಜೇಂದ್ರಗಡಕ್ಕೆ, ಗಜೇಂದ್ರಗಡದಿಂದ ನರಗುಂದಕ್ಕೆ ಬಸ್ಸಿನಲ್ಲಿ ಧೂಳು ಕುಡಿಯುತ್ತ ತಿರುಗಿದಳು. ನಾನು ದೊರೆಸಾನಿಗೂ ಅಧ್ಯಕ್ಷರಿಗೂ ಒಂದೇ ಉತ್ತರ ಬರೆದೆ: "ಕೀಲಿಕೈ ಸುರಕ್ಷಿತವಾಗಿದೆ, ಚಿಂತೆ ಬೇಡ." ಅಂಚೆಯಲ್ಲಿ ಕಳಿಸಿದರೆ ದಾರಿಯಲ್ಲಿ ಕಳೆದೀತಲ್ಲ!

ಹೆಂಡತಿಗೂ ಆರು ತಿಂಗಳಲ್ಲಿ ನಾಲ್ಕು ಕಾಗದ ಬರೆದೆ. ನಾಲ್ಕರ ತಲೆಯ ಮೇಲೂ "ಬಲ್ಲವರ ಕಡೆಯಿಂದ ಓದಿಸಿಕೊಳ್ಳುವುದು" ಎಂದು ಬರೆದಿದ್ದೆ. ನಮ್ಮಪ್ಪ ನಮ್ಮವ್ವನಿಗೆ ಹಾಗೆ ಬರೆಯುತ್ತಿದ್ದ. ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ಹೆಂಡತಿ ಮುಲ್ಕಿ ಪಾಸಾದವಳು ಎಂಬುದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹೊರಡುವ ವಾರ ಒಬ್ಬ ಹೆಂಗಸು ಬಗಲಲ್ಲಿ ಕೂಸನ್ನಿಟ್ಟುಕೊಂಡು ಕಪಾಟಿಗೆ ಒರಗಿ ನಿಂತಲ್ಲೇ ಓದುತ್ತಿದ್ದುದನ್ನು ಕಂಡು ಯಾಕೋ ಹೆಂಡತಿಯ ನೆನಪಾಯಿತು. ಅವಳಿಗೊಂದು ಪುಸ್ತಕ ಒಯ್ಯಬೇಕೆಂದು ಪೇಟೆಗೆ ಹೋಗಿ, ಬಿಸ್ಕೀಟಿನ ಡಬ್ಬಿ ಕೊಂಡು ಬಂದೆ.

ನಾನು ರೋಣದಲ್ಲಿ ಬಸ್ಸಿಳಿದಾಗ ದೊರೆಸಾನಿ ಹೋಗಿ ಹತ್ತು ದಿನವಾಗಿತ್ತು. ನಮ್ಮ ಹಡಗುಗಳು ಎಲ್ಲೋ ಸಮುದ್ರದಲ್ಲಿ ಎದುರುಬದುರಾಗಿರಬೇಕು. ಚಹಾದಂಗಡಿಯವನು ನನ್ನನ್ನು ಕಂಡು, "ಬರ್ರಿ ಮಾಸ್ತರ್ರ, ಮೊದ್ಲ ನಿಮ್ಮ ಕಪಾಟ ನೋಡಿ ಬರ್ರಿ, ಚಾ ಆಮ್ಯಾಲ ಕುಡದ್ರಾತು" ಎಂದ. ಅವನ ಮೀಸೆಯ ಕೆಳಗೆ ನಗು ಇತ್ತು.

ಹೋಗಿ ನೋಡಿದೆ. ನನ್ನ ಮೂರು ಹಿತ್ತಾಳೆಯ ಬೀಗ ಹಾಕಿದ್ದು ಹಾಕಿದಂತೆಯೇ ಇದ್ದವು, ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಬೀಗವಿದ್ದ ಬಾಗಿಲುಗಳು ಜೋಡಿಜೋಡಿಯಾಗಿಯೇ ಆಚೆಯ ಗೋಡೆಗೆ ಒರಗಿ ನಿಂತಿದ್ದವು. ಕಪಾಟುಗಳು ಈಚೆ ಬಾಯಿ ತೆರೆದುಕೊಂಡಿದ್ದವು. ಕಪಾಟು ಮಾಡಿದ ಬಡಗಿ, ಬಾಗಿಲು ಹಿಡಿದ ಬಿಜಾಗರಿಯ ಸ್ಕ್ರೂಗಳನ್ನು ಹೊರಗಿನಿಂದಲೇ ಹಾಕಿದ್ದ. ಹನ್ನೊಂದು ವರ್ಷ ಎಲ್ಲರ ಕಣ್ಣೂ ಬೀಗದ ಮೇಲಿದ್ದದ್ದರಿಂದ ಅದು ಯಾರಿಗೂ ಕಂಡಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ. ಮೇಜಿನ ಮೇಲೆ ನನಗಾಗಿ ದೊರೆಸಾನಿಯ ಚೀಟಿ: "ನಿಮ್ಮ ಬೀಗಗಳಿಗೆ ಎಣ್ಣೆ ಹಾಕಿದ್ದೇನೆ. ಬಹಳ ಒಳ್ಳೆಯ ಬೀಗಗಳು." ಸೊಂಟದ ಕೀಲಿಕೈ ಹಿಡಿದುಕೊಂಡು ಇಂಗು ತಿಂದ ಮಂಗನಂತೆ ನಿಂತೆ. ಅರ್ಧ ಕಪಾಟು ಖಾಲಿಯಿತ್ತು. ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು.

ಸುದ್ದಿ ತಿಳಿದು ಅಧ್ಯಕ್ಷರೂ ವಕೀಲರೂ ಮರುದಿನವೇ ಬಂದರು. ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. "ಬೀಗ ಮುರದಿಲ್ಲ, ಹಿಂಗಾಗಿ ಗುನ್ಹೆ ಆಗಿಲ್ಲ," ಎಂದರು ವಕೀಲರು. "ಆದ್ರ ಬಾಗಿಲಾ ಇಲ್ಲದ್ದಕ್ಕ ಕಪಾಟ ಅನ್ನಾಕ ಬರೂದಿಲ್ಲ." ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಮಾಸ್ತರ್ರ, ಆ ದೊರೆಸಾನಿ ಬಾಯಿ ತನ್ನ ಊರಿಗೆ ಹೋದ್ಲು. ಹನ್ನೊಂದ ವರ್ಷದ ಹೆಸರು ನಿಮ್ಮದು, ನಮ್ಮದು. ಸೋಮವಾರ ಬರತೀನಿ, ಬಾಗಿಲಾ ಕೂತಿರಬೇಕು, ಬೀಗ ಬಿದ್ದಿರಬೇಕು." "ಆಗಲ್ರಿ ಸಾವ್ಕಾರ್ರ" ಎಂದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಾಯೆನಿಸಿತು. ಊರಲ್ಲಿ ಮತ್ತೆ ನಾನು ನಾನಾಗುವವನಿದ್ದೆ.

ಆದರೆ ಸ್ಕ್ರೂಗಳೆಲ್ಲಿ? ವಾಚನಾಲಯದಲ್ಲಿ ಮೂಲೆಮೂಲೆ ಹುಡುಕಿ ಬರಿಗೈಯಲ್ಲಿ ಮನೆಗೆ ಬಂದು, "ಆ ದೊರೆಸಾನಿ ಸ್ಕ್ರೂನೂ ವಿಲಾಯತಿಗೆ ಒಯ್ದಾಳ ನೋಡು" ಎಂದು ಹರಿಹಾಯ್ದೆ. ಹೆಂಡತಿ ಮಷೀನು ನಿಲ್ಲಿಸಿದಳು. ನಾನು ತಂದ ಬಿಸ್ಕೀಟಿನ ಡಬ್ಬಿ ಆಗಲೇ ಖಾಲಿಯಾಗಿ ಅವಳ ಗುಂಡಿ, ಹುಕ್ಕುಗಳ ಮನೆಯಾಗಿತ್ತು. ಅದರಿಂದ ಅರಿವೆಯ ಪುಟ್ಟ ಗಂಟೊಂದನ್ನು ತೆಗೆದು ನನ್ನ ಮುಂದಿಟ್ಟಳು.

"ಎಣಿಸಿ ಇಟ್ಟೀನ್ರಿ. ಇಪ್ಪತ್ನಾಕ ಅದಾವ."

"ಇವು ನಿನ್ನ ಹಂತ್ಯಾಕ ಹ್ಯಾಂಗ ಬಂದೂವು?"

"ನಾನ ಬಿಚ್ಚಿದ್ದು. ಮತ್ಯಾರ ಹಂತ್ಯಾಕ ಬರತಾವ?" ಎಂದು ಮಷೀನಿನ ಕೆಳಗಿನ ಖಾನೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ತೋರಿಸಿದಳು; ಮಷೀನಿನ ಜೊತೆ ತವರಿನಿಂದ ಬಂದದ್ದು. "ಆ ಬಾಯಿ ಮೂರ ವಾರ ಬಸ್ನ್ಯಾಗ ತಿರುಗಿ ತಿರುಗಿ ಮಾರಿ ಕೆಂಪಗ ಮಾಡ್ಕೊಂಡು ನಮ್ಮ ಕಟ್ಟಿ ಮ್ಯಾಲೆ ಬಂದು ಕೂತ್ಲು. ನೀರ ಕೊಟ್ಟೆ. ಕರಕೊಂಡು ಹೋಗಿ ಕಪಾಟ ತೋರಿಸಿದ್ಲು. ನಾ ಸ್ಕ್ರೂ ನೋಡಿದೆ."

"ಆಕಿಗೆ ಕನ್ನಡ ಬರೂದಿಲ್ಲ, ನಿನಗ ಇಂಗ್ಲೀಷ ಬರೂದಿಲ್ಲ!"

"ಸ್ಕ್ರೂ ಬಿಚ್ಚಾಕ ಯಾವ ಭಾಷಾ ಬೇಕ್ರಿ?"

ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಕಟ್ಟಿದ ಹೆಸರನ್ನು ನನ್ನ ಮನೆಯವಳೇ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದಳು. "ಅರ್ಧ ಪುಸ್ತಕ ಹೋದೂವು. ಊರಾಗ ಹ್ಯಾಂಗ ಮಾರಿ ತೋರಿಸ್ಲಿ?" ಎಂದು ಕೂಗಾಡಿದೆ. ಅವಳು ಕೂಗಾಡಲಿಲ್ಲ. ಗೂಡಿನಿಂದ ಒಂದು ರಜಿಸ್ಟರು ತಂದು ಬಿಚ್ಚಿದಳು. ದೊರೆಸಾನಿ ಹೋದ ಮೇಲೆ ಹತ್ತು ದಿನ ವಾಚನಾಲಯ ನೋಡಿಕೊಂಡವಳು ಇವಳೇ, ಅಧ್ಯಕ್ಷರಾಗಲಿ ವಕೀಲರಾಗಲಿ ಆ ಕಡೆ ತಲೆ ಹಾಕಿರಲಿಲ್ಲ. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಯಾವಾಗ ಬರುತ್ತದೆ ಎಲ್ಲ ಅದರಲ್ಲಿತ್ತು. ಸವಡಿಯ ಸಾಲಿ ಮಾಸ್ತರ, ಬೆಳವಣಕಿಯ ಅತ್ತೆ ಸೊಸೆ ಇಬ್ಬರೂ, ಚಿಕ್ಕನರಗುಂದದ ಕಮ್ಮಾರ. "ಒಂದೂ ಕಳದಿಲ್ರಿ," ಎಂದಳು. "ನಿಮ್ಮ ಹೆಸರು ಹಂಗ ಐತಿ."

ಮೊದಲ ಪುಟ ತಿರುವಿದೆ. ಮೊದಲ ಸಾಲಿನಲ್ಲಿ ಅವಳದೇ ಹೆಸರು, ಅವಳದೇ ಸಹಿ. ಗುಂಡಗಿನ, ಒತ್ತಿ ಬರೆದ ಅಕ್ಷರ, ನನ್ನ ಅಕ್ಷರಕ್ಕಿಂತ ಚೆಂದ. ಆ ಸಾಲಿನ ಕೆಳಗೆ ಮತ್ತೆ ಮತ್ತೆ ಅವಳ ಹೆಸರು ಬರುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಊರಿಗೆಲ್ಲ ಹೇಳುವವನು ನನ್ನ ಹಿತ್ತಲನ್ನೇ ನೋಡಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಆ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಅವಳು ನನ್ನ ಮುಖ ನೋಡದೆ ಹೇಳಿದಳು, "ಇನ್ನೊಮ್ಮೆ ಕಾಗದ ಬರದ್ರ 'ಬಲ್ಲವರ ಕಡಿಂದ ಓದಿಸಿಕೋ' ಅಂತ ಬರೀಬ್ಯಾಡ್ರಿ. ನಾಕು ಕಾಗದ ನಾನ ಓದ್ಕೊಂಡೀನಿ."

ಭಾನುವಾರ ಮುಂಜಾನೆ ಬಾಗಿಲು ಕೂಡಿಸಲು ಇಬ್ಬರೂ ಹೋದೆವು. ಬಡಗಿಯನ್ನು ಕರೆಸಿದ್ದರೆ ಸ್ಕ್ರೂ ಯಾರ ಡಬ್ಬಿಯಲ್ಲಿದ್ದವೆಂಬ ಕಥೆ ಊರೆಲ್ಲ ಹಬ್ಬುತ್ತಿತ್ತು. ನಾನು ಬಾಗಿಲು ಎತ್ತಿ ಹಿಡಿದೆ, ಅವಳು ಸ್ಕ್ರೂ ತಿರುವಿದಳು. ಮೂರನೆಯ ಕಪಾಟಿಗೆ ಬಂದಾಗ ಒಳಗಿನ ಒಂದು ದಪ್ಪ ಕಾದಂಬರಿಯನ್ನು ಸ್ಕ್ರೂಡ್ರೈವರಿನಿಂದಲೇ ತೋರಿಸಿ ಕೇಳಿದಳು, "ಇದರಾಗ ಕಡೀಕ ಆ ಸೊಸಿ ಎಲ್ಲಾ ಬಿಟ್ಟು ತವರಿಗೆ ಹೊಕ್ಕಾಳಲ್ರಿ, ಅದು ನಿಮಗ ಖರೇ ಅನಿಸ್ತೇನು? ನನಗ್ಯಾಕೋ ಅನಿಸ್ಲಿಲ್ಲ."

ಆ ಪುಸ್ತಕದ ಬೆನ್ನನ್ನು ನಾನು ಹನ್ನೊಂದು ವರ್ಷ ಕಾಯ್ದಿದ್ದೆ. ಯಾವ ಸಾಲಿನಲ್ಲಿ ಎಷ್ಟನೆಯದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಅದರಲ್ಲೊಬ್ಬ ಸೊಸೆ ಇದ್ದಾಳೆಂಬುದೇ ನನಗೆ ಗೊತ್ತಿರಲಿಲ್ಲ. ಅದೊಂದೇ ಅಲ್ಲ, ಆ ಮೂರು ಕಪಾಟಿನಲ್ಲಿ ನಾನು ಪೂರ್ತಿ ಓದಿದ ಪುಸ್ತಕ ಒಂದೂ ಇರಲಿಲ್ಲ.

"ನಾ ಓದಿಲ್ಲ," ಎಂದೆ.

ಅವಳು ಕೊನೆಯ ಸ್ಕ್ರೂ ಬಿಗಿ ಮಾಡಿ, ಸೆರಗಿನಿಂದ ಕೈ ಒರೆಸಿಕೊಂಡಳು. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಹಂಗಾರ ಒಂದು ಅರ್ಜಿ ಬರೀರಿ," ಎಂದಳು.

ಸೋಮವಾರ ಅಧ್ಯಕ್ಷರು ಬಂದು ಬಾಗಿಲಲ್ಲೇ ನಿಂತು ನೋಡಿದರು. ಮೂರು ಕಪಾಟು, ಮೂರು ಹಿತ್ತಾಳೆಯ ಬೀಗ. "ಚಲೋ ಆತು ಮಾಸ್ತರ್ರ" ಎಂದು ಗಜೇಂದ್ರಗಡದ ಬಸ್ಸು ಹಿಡಿದರು. ಹತ್ತಿರ ಬಂದು ಮುಟ್ಟಿದ್ದರೆ ಗೊತ್ತಾಗುತ್ತಿತ್ತು: ಬೀಗಗಳನ್ನು ಕೊಂಡಿಗೆ ಸಿಕ್ಕಿಸಿ ಬಿಟ್ಟಿದ್ದೆ, ಒತ್ತಿರಲಿಲ್ಲ. ಪುಸ್ತಕದ ಹತ್ತಿರ ಬರುವ ಅಭ್ಯಾಸ ಅವರಿಗೆ ಮುಂದೆಯೂ ಆಗಲಿಲ್ಲವಾದ್ದರಿಂದ ನಾನು ಬದುಕಿಕೊಂಡೆ. ಬಸ್ಸು ಹೋದದ್ದನ್ನು ನೋಡಿ, ಕಟ್ಟೆಯ ಮೇಲೆ ಕಾದು ಕೂತಿದ್ದ ಬೆಳವಣಕಿಯ ಅತ್ತೆ ಸೊಸೆ ಒಳಗೆ ಬಂದರು. ಅವರು ಮರಳಿ ತಂದ ಪುಸ್ತಕ ತೆಗೆದಿಟ್ಟು, ಅವರು ಆರಿಸಿದ್ದನ್ನು ರಜಿಸ್ಟರಿನಲ್ಲಿ ಬರೆದುಕೊಂಡು, ಅದರ ಕೆಳಗೆ ಆ ದಪ್ಪ ಕಾದಂಬರಿಯ ಮುಂದೆ ನನ್ನ ಹೆಸರನ್ನೂ ಬರೆದು ಸಹಿ ಮಾಡಿದೆ. ನನ್ನ ವಾಚನಾಲಯದಲ್ಲಿ ನನ್ನ ಹೆಂಡತಿ ಮೊದಲನೆಯ ಓದುಗಾರ್ತಿ, ನಾನು ಎಪ್ಪತ್ತಮೂರನೆಯವನು.